ಮುದಗಲ್ಲಿನ ಕೋಟೆ, ಸಿರುಗುಪ್ಪದ ಕಾಲುವೆ

ಕಾಂಗೋ ದೇಶದ ಬಗ್ಗೆ ನಾನು ಮೊದಲ ಸಲ ತಲೆ ಕೆಡಿಸಿಕೊಂಡಿದ್ದು ಒಂದು ಎಕ್ಸೆಲ್ ಶೀಟಿನ ದೆಸೆಯಿಂದ. ಎಲೆಕ್ಟ್ರಾನಿಕ್ ಸಾಮಾನು ಮಾಡೋ ಒಂದು ಗ್ರಾಹಕ ಕಂಪನಿಗೆ ನಾವು ಸಾಫ್ಟ್‌ವೇರ್ ಬರೀತಿದ್ವಿ. ಅವರಿಗೆ ಬಿಡಿಭಾಗ ಒದಗಿಸೋ ಪ್ರತಿಯೊಬ್ಬರೂ ತವರ, ಟಂಗ್‌ಸ್ಟನ್, ಟ್ಯಾಂಟಲಮ್, ಚಿನ್ನ ಎಲ್ಲಿಂದ ಬಂತು ಅಂತ ಲೆಕ್ಕ ಒಪ್ಪಿಸಬೇಕು. 2010ರಲ್ಲಿ ಅಮೆರಿಕ ಮಾಡಿದ ಕಾನೂನು ಅದು. ಕಾಂಗೋದ ಪೂರ್ವ ಭಾಗದಲ್ಲಿ ಈ ಖನಿಜ ಮಾರಿದ ದುಡ್ಡಲ್ಲಿ ಬಂದೂಕು ಕೊಳ್ಳೋ ಗುಂಪುಗಳಿವೆ, ಆ ದುಡ್ಡಿಗೆ ನಮ್ಮ ಫೋನು ದಾರಿ ಆಗಬಾರದು ಅನ್ನೋದು ಉದ್ದೇಶ. ಶೀಟಿನಲ್ಲಿ ಒಂದು ಕಾಲಮ್ಮು: ಖನಿಜದ ಮೂಲ ದೇಶ. ಬಹಳ ಮಂದಿ ಅದನ್ನ ಖಾಲಿ ಬಿಟ್ಟಿರುತ್ತಿದ್ದರು. ಖಾಲಿ ಬಿಟ್ಟರೆ ಎರರ್ ತೋರಿಸೋ ಕೋಡು ಬರೆಯೋದು ನನ್ನ ಪಾಲಿಗೆ ಬಂದಿತ್ತು.

ಆಗ ಈ ವಿಷಯ ಸ್ವಲ್ಪ ಓದಿದೆ. ಪಾಲ್ ಕೊಲಿಯರ್ ಮತ್ತು ಆಂಕೆ ಹೋಫ್ಲರ್ ಅನ್ನೋ ಇಬ್ಬರು ಅರ್ಥಶಾಸ್ತ್ರಜ್ಞರು ಒಂದು ಹೆಸರಾದ ವಾದ ಮಂಡಿಸಿದ್ದಾರೆ. ಅಂತರ್ಯುದ್ಧ ಹುಟ್ಟೋದಕ್ಕೆ ಜನರ ಸಿಟ್ಟಿಗಿಂತ ಹೆಚ್ಚಾಗಿ ದಂಗೆ ನಡೆಸೋದಕ್ಕೆ ಸಿಗೋ ದುಡ್ಡು ಕಾರಣ, ಭೂಮಿಯಿಂದ ತೆಗೆದು ಹಂಗೇ ಮಾರೋ ಸರಕಿನ ಮೇಲೆ ನಿಂತ ದೇಶಗಳಿಗೆ ಅಪಾಯ ಜಾಸ್ತಿ ಅಂತ. ಇದನ್ನ ಒಪ್ಪದವರೂ ಬೇಕಾದಷ್ಟು ಜನ ಇದ್ದಾರೆ. ಆಮೇಲೆ ಬಂದವರು ಇನ್ನೊಂದು ಮಾತು ಸೇರಿಸಿದರು. ಎಲ್ಲಾ ಸಂಪತ್ತೂ ಒಂದೇ ಅಲ್ಲ, ಸುಲಭವಾಗಿ ದೋಚಬಹುದಾದದ್ದು ಬೇರೆ, ದೋಚಲಾಗದ್ದು ಬೇರೆ. ಸಿಯೆರಾ ಲಿಯೋನ್‌ನ ವಜ್ರ ಹೊಳೆ ಮರಳಲ್ಲೇ ಸಿಗ್ತದೆ. ಒಂದು ಜರಡಿ, ಒಂದು ಸಲಿಕೆ, ಕಾಯೋಕೆ ನಾಲ್ಕು ಬಂದೂಕು ಇದ್ದರೆ ಸಾಕು. 1991ರಿಂದ 2002ರ ತನಕ ಅಲ್ಲಿ ನಡೆದ ಯುದ್ಧಕ್ಕೆ ಆ ಮರಳೇ ಖಜಾನೆ ಆಯ್ತು. ಅದನ್ನ ತಡೆಯೋಕೆ 2003ರಲ್ಲಿ ಕಿಂಬರ್ಲಿ ಒಪ್ಪಂದ ಬಂತು.

ಇದನ್ನೆಲ್ಲಾ ಓದ್ತಾ ನಾನು ನೆನೆಸಿಕೊಂಡದ್ದು ನಮ್ಮ ಸೀಮೆಯನ್ನ. ನಮ್ಮದು ಸಿರುಗುಪ್ಪ ತಾಲ್ಲೂಕಿನ ಹೊಳೆ ದಂಡೆ ಊರು. ಎದುರು ದಂಡೆ ರಾಯಚೂರು ಜಿಲ್ಲೆ. ನಮ್ಮಜ್ಜ ಅದನ್ನ ಕೊನೆವರೆಗೂ 'ನಿಜಾಮನ ಸೀಮೆ' ಅಂತಲೇ ಕರೀತಿದ್ದ. ಆಚೆ ದಂಡೆಯಿಂದ ಹೆಣ್ಣು ತರೋದು, ಈಚೆಯಿಂದ ಕೊಡೋದು ಎಲ್ಲಾ ಇತ್ತು, ಆದರೂ ಹೊಳೆ ದಾಟಿದರೆ ಬೇರೆ ರಾಜ್ಯ ಅನ್ನೋ ಭಾವ ಅವನ ಮಾತಿಂದ ಹೋಗಲೇ ಇಲ್ಲ. ನನಗೆ ಅದು ತಮಾಷೆ ಅನ್ನಿಸ್ತಿತ್ತು. ಆಮೇಲೆ ಲೆಕ್ಕ ಹಾಕಿ ನೋಡಿದರೆ ಆ ಹೊಳೆ ಗಡಿಯಾಗಿದ್ದ ಕಾಲವೇ ಹೆಚ್ಚು, ಗಡಿಯಲ್ಲದೆ ಇರೋದು ಮೊನ್ನೆ ಮೊನ್ನೆಯಿಂದ.

ಆಚೆ ದಂಡೆಯಿಂದ ಕೃಷ್ಣಾ ನದಿ ತನಕ ಇರೋ ನೆಲವೇ ರಾಯಚೂರು ದೋಆಬ್. ಇತಿಹಾಸದ ಪುಸ್ತಕದಲ್ಲಿ ಇದು ವಿಜಯನಗರ ಮತ್ತು ಬಹಮನಿಗಳ ಜಗಳದ ವಸ್ತುವಾಗಿ ಬರ್ತದೆ, ಪರೀಕ್ಷೆಗೆ ಎರಡು ಅಂಕದ ಪ್ರಶ್ನೆ. ಆದರೆ ಜಗಳ ಅದಕ್ಕಿಂತ ಹಳೇದು. 11ನೇ ಶತಮಾನದಲ್ಲೇ ಚೋಳರು ಮತ್ತು ಕಲ್ಯಾಣದ ಚಾಲುಕ್ಯರು ಇದೇ ನೆಲದ ಮೇಲೆ ಬಡಿದಾಡಿದ್ದಾರೆ. ರಾಜೇಂದ್ರ ಚೋಳನ ಶಾಸನದಲ್ಲಿ ಬರೋ ಮುಸಂಗಿ ಅಂದರೆ ನಮ್ಮ ಮಸ್ಕಿ ಅಂತ ವಿದ್ವಾಂಸರು ಹೇಳ್ತಾರೆ. ಕೊಪ್ಪಂ ಕದನದಲ್ಲಿ ರಾಜಾಧಿರಾಜ ಚೋಳ ಆನೆ ಮೇಲೆ ಕೂತಲ್ಲೇ ಸತ್ತ. ಇಬ್ಬರೂ ಶಿವನ ಗುಡಿ ಕಟ್ಟಿಸಿದವರು. ದೋಆಬಿನ ಯುದ್ಧಗಳನ್ನ ಬರೀ ಧರ್ಮದ ಯುದ್ಧ ಅಂತ ಹೇಳೋರಿಗೆ ಮೊದಲು ಈ ಕತೆ ಹೇಳಬೇಕು. ದೇವರು ಬದಲಾದರು, ರಾಜರು ಬದಲಾದರು, ಹೊಡೆದಾಟದ ಜಾಗ ಬದಲಾಗಲಿಲ್ಲ.

ಹಂಗಾದರೆ ಆ ನೆಲದಲ್ಲಿ ಏನಿತ್ತು? ಎರೆ ಭೂಮಿ ಇತ್ತು. ಜೋಳ, ಹತ್ತಿ ಬೆಳೀತಿತ್ತು. ಎರಡು ಕಡೆ ದೊಡ್ಡ ಹೊಳೆ, ನಡುವೆ ರಾಯಚೂರು, ಮುದಗಲ್ಲು ಅನ್ನೋ ಎರಡು ಗಟ್ಟಿ ಕೋಟೆ. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಚಿನ್ನವೂ ಇದೆ, ಪ್ರಾಚೀನ ಕಾಲದವರು ತೋಡಿದ ಗುಂಡಿಗಳು ಅಲ್ಲಿ ಸಿಕ್ಕಿವೆ. ಆದರೆ ಮಧ್ಯಕಾಲದ ಯುದ್ಧಗಳಿಗೆ ಹಟ್ಟಿ ಚಿನ್ನ ಕಾರಣ ಅಂತ ನಾನು ಎಲ್ಲೂ ಓದಿಲ್ಲ. ಸಿನಿಮಾ ಮಾಡೋರಿಗೆ ಚಿನ್ನ ಬೇಕು, ರಾಜರಿಗೆ ಬೇಕಾಗಿದ್ದು ಕಂದಾಯ. ವರ್ಷ ವರ್ಷ ತಪ್ಪದೆ ಬರೋ ಜೋಳದ ರಾಶಿ, ಆ ರಾಶಿಯಲ್ಲಿ ಅರಮನೆ ಪಾಲು, ಆ ಪಾಲಿನ ಮೇಲೆ ಸಾಕೋ ದಂಡು. ಒಂದು ಹೋಬಳಿ ಕೈತಪ್ಪಿದರೆ ಅಷ್ಟು ಕುದುರೆ ಕಮ್ಮಿ, ಎದುರಾಳಿಗೆ ಅಷ್ಟು ಕುದುರೆ ಜಾಸ್ತಿ.

1366ರ ಯುದ್ಧದ ಕತೆ ಫೆರಿಷ್ತಾ ಹೇಳಿರೋದು. ಬಹಮನಿ ಸುಲ್ತಾನ ಒಂದನೇ ಮುಹಮ್ಮದ್ ಷಾ ಒಂದು ಜಲಸಾದಲ್ಲಿ ಹಾಡಿದವರಿಗೆ ಇನಾಮು ಬರೆದುಕೊಟ್ಟ. ಹಣ ತಗೊಳ್ಳಬೇಕಾದ್ದು ಎಲ್ಲಿ? ವಿಜಯನಗರದ ಖಜಾನೆಯಲ್ಲಿ! ಇನ್ನೊಬ್ಬರ ಅಕೌಂಟಿಗೆ ಚೆಕ್ ಬರೆದ ಹಂಗೆ. ಅದನ್ನ ತಂದವನನ್ನ ಬುಕ್ಕರಾಯ ಕತ್ತೆ ಮೇಲೆ ಕೂರಿಸಿ ಊರು ಸುತ್ತಿಸಿ ಕಳಿಸಿದ, ತುಂಗಭದ್ರೆ ದಾಟಿ ಮುದಗಲ್ಲು ಹಿಡಿದ, ಕೋಟೆಯಲ್ಲಿದ್ದ 800 ಜನರನ್ನ ಕೊಲ್ಲಿಸಿದ. ತಪ್ಪಿಸಿಕೊಂಡ ಒಬ್ಬ ಹೋಗಿ ಸುದ್ದಿ ಮುಟ್ಟಿಸಿದ. ಒಂದು ಲಕ್ಷ ಜನರನ್ನ ಕೊಲ್ಲೋ ತನಕ ಕತ್ತಿ ಒರೆಗೆ ಹಾಕಲ್ಲ ಅಂತ ಸುಲ್ತಾನ ಆಣೆ ಮಾಡಿದ. ಫೆರಿಷ್ತಾ ಇದನ್ನ ಬರೆದದ್ದು ಇನ್ನೂರು ವರ್ಷಕ್ಕೂ ಮೇಲಾದ ಮೇಲೆ, ಬಿಜಾಪುರದಲ್ಲಿ ಕೂತು. ಅವನ ಸಂಖ್ಯೆಗಳನ್ನ ಅರ್ಧಕ್ಕರ್ಧ ಮುರಿದು ಓದಬೇಕು. ಆದರೂ ಚೆಕ್ಕಿನ ಕತೆ ನನಗೆ ಇಷ್ಟ. ಅದರ ಒಳಗಿನ ಮಾತು ಇಷ್ಟೇ: ನಿನ್ನ ಖಜಾನೆ ನನ್ನದು. ಎರಡೂ ಕಡೆಯವರು ದೋಆಬಿನ ವಿಷಯದಲ್ಲಿ ಹೇಳ್ತಿದ್ದದ್ದೂ ಅದೇ.

ಸುಲ್ತಾನನ ದಂಡು ಹೊಳೆ ದಾಟಿ ಈಚೆ ಬಂತು. ದೊಡ್ಡ ಕದನ ನಡೆದದ್ದು ಕೌತಾಳ ಅನ್ನೋ ಊರ ಹತ್ತಿರ ಅಂತ ಫೆರಿಷ್ತಾ ಹೇಳ್ತಾನೆ. ಅದು ಆದವಾನಿ ಕಡೆಯ ಈಗಿನ ಕೌತಾಳಂ ಇರಬೇಕು ಅಂತ ರಾಬರ್ಟ್ ಸಿವೆಲ್ ಗುರುತಿಸಿದರು. 'ಎ ಫರ್ಗಾಟನ್ ಎಂಪೈರ್' ಬರೆದ ಅದೇ ಸಿವೆಲ್, ಒಂದು ಕಾಲಕ್ಕೆ ನಮ್ಮ ಬಳ್ಳಾರಿಯ ಕಲೆಕ್ಟರ್ ಆಗಿದ್ದವರು. ಈ ನೆಲ ತಿರುಗಿ ನೋಡಿದ್ದ ಮನುಷ್ಯ. ಸಿರುಗುಪ್ಪದಿಂದ ಆದವಾನಿ ಕಡೆ ಹೋಗೋ ದಾರಿಯಲ್ಲಿ ಈಗ ಭತ್ತ ತುಂಬಿದ ಟ್ರ್ಯಾಕ್ಟರು, ಹತ್ತಿ ಲಾರಿ. ಆ ಯುದ್ಧದ ಒಂದು ಕಲ್ಲೂ ಕಣ್ಣಿಗೆ ಬೀಳಲ್ಲ. ಫೆರಿಷ್ತಾ ಹೇಳೋ ಇನ್ನೊಂದು ಮಾತು ಮುಖ್ಯ. ಊರು ಊರೇ ಹಾಳಾದ ಮೇಲೆ ವಿಜಯನಗರದ ರಾಯಭಾರಿಗಳು ಹೋಗಿ ಮಾತಾಡಿದರು, ಇನ್ನು ಮೇಲೆ ಯುದ್ಧದಲ್ಲಿ ಆಯುಧ ಇಲ್ಲದವರನ್ನ ಕೊಲ್ಲಬಾರದು ಅಂತ ಒಪ್ಪಂದ ಆಯ್ತು. ಪಾಲಿಸಿದರೋ ಬಿಟ್ಟರೋ, ಮಾತಾದರೂ ಆಯ್ತಲ್ಲ. ಆಯುಧ ಇಲ್ಲದವರು ಅಂದರೆ ಯಾರು? ಹೊಲದಲ್ಲಿದ್ದವರು. ಅವರನ್ನೂ ಕೊಂದರೆ ಗೆದ್ದ ನೆಲಕ್ಕೆ ಕಂದಾಯ ಕಟ್ಟೋರು ಯಾರು ಅನ್ನೋ ಲೆಕ್ಕವೂ ಆ ಕರುಣೆ ಹಿಂದೆ ಇದ್ದಿರಬಹುದು ಅಂತ ನನ್ನ ಅನುಮಾನ.

ಇನ್ನು ಕುದುರೆ. ನಮ್ಮ ದಖ್ಖನ್ನಿನ ಹವೆಗೆ ಒಳ್ಳೆ ಯುದ್ಧದ ಕುದುರೆ ಹುಟ್ಟಲ್ಲ. ಅರಬ್ಬರ ನಾಡು, ಹೊರ್ಮುಜ್ ಕಡೆಯಿಂದ ಹಡಗಿನಲ್ಲಿ ಬರಬೇಕು. ಭಟ್ಕಳ, ಹೊನ್ನಾವರ, ಗೋವಾ ಬಂದರುಗಳಿಗೆ ಇಳೀತಿದ್ದವು. ಇವತ್ತಿನ ಪೆಟ್ರೋಲಿನ ಹಂಗೆ ಅಂದುಕೊಳ್ಳಿ, ನಮ್ಮಲ್ಲಿ ಇಲ್ಲ, ಇಲ್ಲದೆ ನಡೆಯೋದೂ ಇಲ್ಲ. ಪೋರ್ಚುಗೀಸ್ ನೂನಿಜ್ ಬರೆದಿದ್ದಾನೆ: ಸಾಳುವ ನರಸಿಂಹ ಕುದುರೆ ತರೋರಿಗೆ ಕೇಳಿದ ಬೆಲೆ ಕೊಡ್ತಿದ್ದ, ಸಮುದ್ರದಲ್ಲಿ ಸತ್ತ ಕುದುರೆಯ ಬಾಲ ತಂದು ತೋರಿಸಿದರೂ ಬದುಕಿದ್ದ ಕುದುರೆಯ ಲೆಕ್ಕದಲ್ಲೇ ದುಡ್ಡು ಎಣಿಸ್ತಿದ್ದ. ಇದನ್ನ ನಮ್ಮ ಆಫೀಸಿನ ಫೈನಾನ್ಸ್‌ನವರಿಗೆ ಹೇಳಿದೆ, ನಂಬಲಿಲ್ಲ. ಆದರೆ ತಲೆ ಇದೆ ಅದರಲ್ಲಿ. ಸಾಗಾಣಿಕೆಯ ನಷ್ಟವನ್ನ ರಾಜನೇ ಹೊತ್ತರೆ ವ್ಯಾಪಾರಿ ಧೈರ್ಯವಾಗಿ ಇನ್ನೊಂದು ಹಡಗು ತುಂಬ್ತಾನೆ. ಆ ಹಡಗು ಎದುರಾಳಿಯ ಬಂದರಿಗೆ ಹೋಗಲ್ಲ.

1520ರ ರಾಯಚೂರು ಯುದ್ಧಕ್ಕೂ ನೂನಿಜ್ ಕೊಡೋ ಕಾರಣ ಕುದುರೆಯೇ. ಕೃಷ್ಣದೇವರಾಯ ಸೈಯದ್ ಮರಕ್ಕಾರ್ ಅನ್ನೋ ವ್ಯಾಪಾರಿ ಕೈಗೆ 40,000 ಪರ್ದಾವ್ ಕೊಟ್ಟು ಗೋವಾದಿಂದ ಕುದುರೆ ತಾ ಅಂತ ಕಳಿಸಿದ. ಅವನು ದುಡ್ಡು ತಗೊಂಡು ಆದಿಲ್‌ಷಾಹಿಗಳ ಕಡೆ ಓಡಿಹೋದ. ಅವನನ್ನ ಒಪ್ಪಿಸು ಅಂತ ರಾಯ ಪತ್ರ ಬರೆದ, ಇಸ್ಮಾಯಿಲ್ ಆದಿಲ್ ಷಾ ಒಪ್ಪಿಸಲಿಲ್ಲ. ಅಲ್ಲಿಗೆ ದಂಡು ಹೊರಟಿತು. ಮೇ ತಿಂಗಳ ಬಿಸಿಲು, ರಾಯಚೂರಿನ ಬಿಸಿಲು ನೋಡಿದವರಿಗೆ ಅದು ಏನು ಅಂತ ಗೊತ್ತು. ಕೃಷ್ಣೆ ದಾಟಿ ಬಂದ ಆದಿಲ್ ಷಾನ ತೋಪುಗಳು ಮೊದಲು ಮೇಲುಗೈ ಪಡೆದವು, ಆಮೇಲೆ ರಾಯನೇ ಮುನ್ನುಗ್ಗಿದ ಮೇಲೆ ಲೆಕ್ಕ ತಿರುಗಾಮುರುಗ ಆಯ್ತು. ಓಡಿದವರಲ್ಲಿ ಎಷ್ಟೋ ಜನ ಹೊಳೆ ಪಾಲಾದರು. ಆಮೇಲೆ ಕೋಟೆ ಬೀಳೋದಕ್ಕೆ ಕ್ರಿಸ್ತೊವಾವ್ ದ ಫಿಗೇರೆದೊ ಅನ್ನೋ ಪೋರ್ಚುಗೀಸನ ಬಂದೂಕಿನವರು ನೆರವಾದರು.

ಒಂದು ಮಾತು ಹೇಳಬೇಕು. ನೂನಿಜ್ ಸ್ವತಃ ಕುದುರೆ ವ್ಯಾಪಾರಿ ಅಂತ ಹೇಳ್ತಾರೆ. ಕುದುರೆ ವ್ಯಾಪಾರಿ ಇತಿಹಾಸ ಬರೆದರೆ ಯುದ್ಧಕ್ಕೆ ಕುದುರೆಯೇ ಕಾರಣ ಆಗ್ತದೆ. ದುಡ್ಡು ಕದ್ದ ಒಬ್ಬನಿಗಾಗಿ ಅಷ್ಟು ದೊಡ್ಡ ದಂಡು ಏಳಲ್ಲ, ಮರಕ್ಕಾರ್ ನೆಪ. ರಾಯಚೂರು ಬೇಕಾಗಿತ್ತು, ಸಾಳುವ ನರಸಿಂಹನ ಕಾಲದಿಂದ ಬಾಕಿ ಉಳಿದಿದ್ದ ಕೆಲಸ ಅದು. ಆದರೆ ನೆಪ ಯಾವುದಾಯ್ತು ನೋಡಿ. ಹೆಣ್ಣಲ್ಲ, ದೇವರಲ್ಲ, ಆಮದು ಸರಕಿನ ಮುಂಗಡ ಹಣ.

ಈ ದಂಡಿಗೆ ಕೂಳು ಹಾಕ್ತಿದ್ದದ್ದು ಯಾರು? ಇಲ್ಲಿಗೆ ನಮ್ಮ ತಾಲ್ಲೂಕು ಬರ್ತದೆ. ತುಂಗಭದ್ರೆಗೆ ಅಡ್ಡಲಾಗಿ ವಿಜಯನಗರದವರು ಸಣ್ಣ ಸಣ್ಣ ಅಣೆಕಟ್ಟು ಕಟ್ಟಿದರು. ದೊಡ್ಡ ದೊಡ್ಡ ಕಲ್ಲುಗಳನ್ನ ಹೊಳೆಯ ಬಂಡೆಗಳ ನಡುವೆ ಓರೆಯಾಗಿ ಜೋಡಿಸಿ ನೀರನ್ನ ಪಕ್ಕಕ್ಕೆ ತಿರುಗಿಸೋದು, ಅಲ್ಲಿಂದ ಕಾಲುವೆ. ಹೊಸಪೇಟೆ ಹತ್ತಿರ ರಾಯ ಕಾಲುವೆ, ಬಸವಣ್ಣ ಕಾಲುವೆ, ಹಂಪಿಯ ತುರ್ತು ಕಾಲುವೆ, ಕೆಳಗೆ ಬಂದರೆ ರಾಮಸಾಗರ, ಕಂಪ್ಲಿ, ಬೆಳಗೋಡುಹಾಳು, ಕೊನೆಗೆ ಸಿರುಗುಪ್ಪ ಮತ್ತು ದೇಶನೂರು ಕಾಲುವೆ. ಬಸವಣ್ಣ ಕಾಲುವೆಗೆ ಕೊಡೋ ವರ್ಷ 1521, ರಾಯಚೂರು ಗೆದ್ದ ಮರುವರ್ಷ. ಯುದ್ಧದ ದುಡ್ಡಲ್ಲೇ ಕಾಲುವೆ ಆಯ್ತು ಅಂತ ನಾನು ಹೇಳ್ತಿಲ್ಲ. ಆದರೆ ಎರಡೂ ಒಂದೇ ರಾಜನ ಒಂದೇ ತಲೆಯ ಕೆಲಸ. ನಾಯಕರಿಗೆ ನೆಲ ಬಿಟ್ಟುಕೊಟ್ಟು, ಬದಲಿಗೆ ಇಷ್ಟು ಕಾಲಾಳು, ಇಷ್ಟು ಕುದುರೆ ಸಾಕಬೇಕು ಅಂತ ಕರಾರು ಮಾಡೋ ಪದ್ಧತಿ ಅವರದು. ಒಣ ನೆಲ ಕೊಟ್ಟರೆ ಎಷ್ಟು ಕುದುರೆ ಸಾಕಾನು? ನೀರು ಹರಿದರೆ ಗದ್ದೆ, ಗದ್ದೆ ಆದರೆ ಭತ್ತ, ಭತ್ತ ಇದ್ದರೆ ದಂಡು. 'ಸಿರಿಗುಪ್ಪೆ' ಅಂದರೆ ಸಿರಿಯ ರಾಶಿ, ಅದರಿಂದಲೇ ಊರಿಗೆ ಹೆಸರು ಬಂತು ಅಂತ ನಮ್ಮೂರ ಕಡೆ ಹೇಳ್ತಾರೆ. ಭಾಷಾಶಾಸ್ತ್ರದವರು ಒಪ್ಪಲಿಕ್ಕಿಲ್ಲ, ಸುಗ್ಗಿಯಲ್ಲಿ ರೈಸ್ ಮಿಲ್ಲುಗಳ ಮುಂದೆ ನಿಂತರೆ ಒಪ್ಪಬೇಕು ಅನ್ನಿಸ್ತದೆ.

ಕುರುಗೋಡಿನ ಕತೆ ಇದಕ್ಕಿಂತ ಹಿಂದಿನದು. ಈಗ ಕುರುಗೋಡು ಅಂದರೆ ದೊಡ್ಡಬಸವೇಶ್ವರ ಗುಡಿ, ಜಾತ್ರೆ, ತೇರು. ಊರ ಹಿಂದಿನ ಗುಡ್ಡ ಹತ್ತಿದರೆ ಕೋಟೆ ಗೋಡೆಯ ಉಳಿಕೆ ಸಿಗ್ತದೆ. ಕಲ್ಯಾಣ ಚಾಲುಕ್ಯರ ಕೆಳಗೆ ಸಿಂದರ ಒಂದು ಶಾಖೆ ಇಲ್ಲಿಂದ ಆಳಿತು. ಹೊಯ್ಸಳ ಇಮ್ಮಡಿ ವೀರಬಲ್ಲಾಳ ಗೆದ್ದ ಕೋಟೆಗಳ ಸಾಲಿನಲ್ಲಿ ಎರಂಬರಗೆ, ಗುತ್ತಿ, ಹಾನಗಲ್ಲುಗಳ ಜೊತೆ ಕುರುಗೋಡೂ ಇದೆ. ಬಯಲಿನಲ್ಲಿ ಬೆಳೆ, ಗುಡ್ಡದಲ್ಲಿ ಕೋಟೆ. ಬೆಳೆದದ್ದನ್ನ ಕಾಯೋಕೆ ಗುಡ್ಡ ಬೇಕು, ಗುಡ್ಡದ ಮೇಲಿದ್ದವನಿಗೆ ಉಣ್ಣೋಕೆ ಬಯಲು ಬೇಕು. ಬಳ್ಳಾರಿ ಕೋಟೆಯೂ ಇದೇ ಲೆಕ್ಕದ್ದು. 1775ರ ಸುಮಾರಿಗೆ ಹೈದರಾಲಿ ಅದನ್ನ ಹಿಡಿದ. ಕೋಟೆ ಬಲಪಡಿಸಿದ ಫ್ರೆಂಚ್ ಎಂಜಿನಿಯರು ಪಕ್ಕದ ಕುಂಬಾರ ಗುಡ್ಡ ಇನ್ನೂ ಎತ್ತರ ಇರೋದನ್ನ ನೋಡಲಿಲ್ಲ, ಅದಕ್ಕೆ ಹೈದರ್ ಅವನನ್ನ ನೇಣಿಗೆ ಹಾಕಿಸಿದ ಅಂತ ಊರಲ್ಲೆಲ್ಲಾ ಕತೆ. ರಿಕ್ವೈರ್ಮೆಂಟ್ ಸರಿಯಾಗಿ ಓದದ ಎಂಜಿನಿಯರುಗಳಿಗೆ ನಾನು ಈ ಕತೆ ಹೇಳ್ತಿರ್ತೀನಿ.

ಟಿಪ್ಪುವಿನಿಂದ 1792ರಲ್ಲಿ ಬಳ್ಳಾರಿ ಸೀಮೆ ನಿಜಾಮನಿಗೆ ಹೋಯ್ತು. ನಿಜಾಮ 1800ರಲ್ಲಿ ಅದನ್ನ ಇಂಗ್ಲಿಷರಿಗೆ ಬಿಟ್ಟುಕೊಟ್ಟ. ಯಾತಕ್ಕೆ? ಹೈದರಾಬಾದಿನಲ್ಲಿ ತನ್ನನ್ನ ಕಾಯೋಕೆ ಇಟ್ಟಿದ್ದ ಕಂಪನಿ ದಂಡಿನ ಸಂಬಳಕ್ಕೆ! ನಾವು ದತ್ತ ಮಂಡಲ ಅಂತ ಹೇಳೋ ಅಷ್ಟೂ ನೆಲ ಒಂದು ಸೈನ್ಯದ ಪಗಾರ. ಥಾಮಸ್ ಮನ್ರೋ 1800ರಿಂದ 1807ರ ತನಕ ಇಲ್ಲಿ ಕಲೆಕ್ಟರ್ ಆಗಿ 80ರಷ್ಟು ಪಾಳೆಯಗಾರರನ್ನ ಅಡಗಿಸಿದ, ರೈತವಾರಿ ಕಂದಾಯ ತಂದ. ನೆಲದ ಹುಟ್ಟುವಳಿಗೂ ಆಯುಧಕ್ಕೂ ನಡುವೆ ಇದ್ದ ನಾಯಕ, ಪಾಳೆಯಗಾರ ಅನ್ನೋ ಮಧ್ಯದವನು ಹೋದ. ರೈತ ನೇರವಾಗಿ ಸರ್ಕಾರಕ್ಕೆ ಕಟ್ಟಬೇಕು, ಆಯುಧ ಸರ್ಕಾರದ ಹತ್ತಿರ ಮಾತ್ರ. ಮುಂದೆ ಇಲ್ಲಿ ಏನಾಗಲಿಲ್ಲ ಅನ್ನೋದಕ್ಕೆ ಇದು ದೊಡ್ಡ ಕಾರಣ ಅಂತ ನಾನು ತಿಳಿದಿದ್ದೀನಿ.

ಏನಾಗಲಿಲ್ಲ ಅಂದರೆ, ಅದಿರಿನ ಕಾಲದಲ್ಲಿ ಯುದ್ಧ ಆಗಲಿಲ್ಲ. 2000ದ ನಂತರ ಚೀನಾದ ಬೇಡಿಕೆಗೆ ಕಬ್ಬಿಣದ ಅದಿರಿನ ಬೆಲೆ ಏರಿದಾಗ ನಾನು ಓದೋ ಹುಡುಗ. ಬಳ್ಳಾರಿ, ಸಂಡೂರು, ಹೊಸಪೇಟೆ ರಸ್ತೆಗಳಲ್ಲಿ ಲಾರಿ ಸಾಲು, ರಸ್ತೆ ಪಕ್ಕದ ಬೆಳೆ ಮೇಲೆಲ್ಲಾ ಕೆಂಪು ಧೂಳು. ಪತ್ರಿಕೆಗಳು 'ರಿಪಬ್ಲಿಕ್ ಆಫ್ ಬಳ್ಳಾರಿ' ಅಂತ ಬರೆದವು. ಎರಡು ರಾಜ್ಯಗಳ ಗಡಿ ಗುರುತುಗಳೇ ಅಳಿಸಿಹೋದವು, ಗಡಿಯಲ್ಲಿದ್ದ ಸುಗ್ಗಲಮ್ಮ ದೇವಿ ಗುಡಿ 2006ರಲ್ಲಿ ಸ್ಫೋಟಕ್ಕೆ ನೆಲಸಮ ಆಯ್ತು. ಬೇಲೆಕೇರಿ ಬಂದರಿನಲ್ಲಿ ಜಪ್ತಿ ಮಾಡಿಟ್ಟಿದ್ದ ಅದಿರೇ 2010ರಲ್ಲಿ ಮಾಯ. ಕೊಲಿಯರ್ ಸಾಹೇಬರ ಲೆಕ್ಕದಲ್ಲಿ ಇಷ್ಟೊತ್ತಿಗೆ ಬಂದೂಕು ಬರಬೇಕಿತ್ತು. ಬರಲಿಲ್ಲ. ಬಂದದ್ದು ಎಲ್ಲಿಗೆ? 2005ರ ಫೆಬ್ರವರಿಯಲ್ಲಿ ಪಾವಗಡ ತಾಲ್ಲೂಕಿನ ವೆಂಕಟಮ್ಮನಹಳ್ಳಿ ಪೊಲೀಸ್ ಕ್ಯಾಂಪಿಗೆ. ಅಲ್ಲಿ ಅದಿರೂ ಇಲ್ಲ, ಹೊಳೆಯೂ ಇಲ್ಲ, ಬರ ಮಾತ್ರ ಇತ್ತು. ಅದಿರು ತುಂಬಿದ ಸಂಡೂರಿನ ಗುಡ್ಡದಲ್ಲಿ ಗುಂಡು ಹಾರಲಿಲ್ಲ.

ಯಾಕೆ ಅಂತ ಯೋಚನೆ ಮಾಡಿದರೆ ಅದೇ ಜರಡಿಯ ಮಾತು. ಅದಿರು ವಜ್ರ ಅಲ್ಲ, ಜೇಬಲ್ಲಿ ಹಾಕಿಕೊಂಡು ಗಡಿ ದಾಟೋಕೆ ಆಗಲ್ಲ. ಜೆಸಿಬಿ ಬೇಕು, ಲಾರಿ ಬೇಕು, ರೈಲು ಬೇಕು, ಬಂದರು ಬೇಕು, ಹೆಜ್ಜೆ ಹೆಜ್ಜೆಗೂ ಒಂದು ಪರ್ಮಿಟ್ಟು ಬೇಕು. ಇಂಥಾ ಸರಕನ್ನ ದೋಚಬೇಕು ಅಂದರೆ ಸರ್ಕಾರದ ವಿರುದ್ಧ ಕಾಡಿಗೆ ಹೋಗೋದಲ್ಲ, ಸರ್ಕಾರದ ಒಳಗೆ ಬಂದು ಕೂರೋದೇ ಸಲೀಸು. ಆದರೆ ಈ ವಾದವೂ ಪೂರ್ತಿ ಸಾಲಲ್ಲ. ಛತ್ತೀಸ್‌ಗಢದ ಬೈಲಾಡಿಲಾದಲ್ಲೂ ಕಬ್ಬಿಣದ ಅದಿರೇ ಇರೋದು, ಅಲ್ಲಿ ದಾಂತೇವಾಡ ಎಷ್ಟೋ ವರ್ಷ ಹೊತ್ತಿ ಉರಿಯಿತು. ಅಲ್ಲಿ ಗಣಿ ಬಂತು, ಆದರೆ ಆದಿವಾಸಿಯ ಹೆಸರಲ್ಲಿ ಪಟ್ಟಾ ಬರಲಿಲ್ಲ. ನಮ್ಮಲ್ಲಿ ಮನ್ರೋ ಕಾಲದಿಂದ ಪಹಣಿ, ಪಟ್ಟಾ, ಕೋರ್ಟು, ತಹಶೀಲ್ದಾರ್ ಕಚೇರಿ ಇವೆ. ಸರಿ ನಡೆಯಲಿ ಬಿಡಲಿ, ಸಿಟ್ಟು ಬಂದವನು ಮೊದಲು ಅರ್ಜಿ ಬರೀತಾನೆ. ಕೊನೆಗೆ ನಿಲ್ಲಿಸಿದ್ದೂ ಕಾಗದವೇ. ಲೋಕಾಯುಕ್ತ ಸಂತೋಷ್ ಹೆಗ್ಡೆ ಅವರ ವರದಿ 2011ರ ಜುಲೈ 27ಕ್ಕೆ ಸರ್ಕಾರಕ್ಕೆ ಹೋಯ್ತು, ಎರಡೇ ದಿನಕ್ಕೆ, 29ಕ್ಕೆ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿತು. ಲಾರಿ ಸಾಲ ಮಾಡಿ ತಗೊಂಡಿದ್ದ ನಮ್ಮ ಕಡೆ ಹುಡುಗರ ಕತೆ ಬೇರೆ, ಅದನ್ನ ಇನ್ನೊಮ್ಮೆ ಬರೀತೀನಿ.

ನೀರಿನ ವಿಷಯಕ್ಕೆ ಬಂದರೆ ಅಷ್ಟು ಧೈರ್ಯವಾಗಿ ಮಾತಾಡೋಕೆ ನನಗೆ ಆಗಲ್ಲ. ತುಂಗಭದ್ರಾ ಡ್ಯಾಮಿಗೆ ಮದ್ರಾಸು ಮತ್ತು ಹೈದರಾಬಾದ್ ಒಪ್ಪಂದ ಮಾಡಿಕೊಂಡದ್ದು 1944ರಲ್ಲಿ, 1945ರ ಫೆಬ್ರವರಿ 28ಕ್ಕೆ ಒಂದು ದಂಡೆಯಲ್ಲಿ ಮದ್ರಾಸಿನವರ ಶಂಕುಸ್ಥಾಪನೆ, ಇನ್ನೊಂದು ದಂಡೆಯಲ್ಲಿ ನಿಜಾಮನವರದು. ಅದೇ ಹೊಳೆ, ಅದೇ ಎರಡು ದಂಡೆ. 1953ರಲ್ಲಿ ಬಳ್ಳಾರಿ ಯಾರಿಗೆ ಸೇರಬೇಕು ಅನ್ನೋ ಜಗಳ ಬಂದಾಗಲೂ ಡ್ಯಾಮು ಯಾರ ಕೈಗೆ ಅನ್ನೋದು ಅದರ ಒಳಗೇ ಇತ್ತು. ಆದವಾನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು, ಉಳಿದದ್ದು ಅಕ್ಟೋಬರ್ 1ಕ್ಕೆ ಮೈಸೂರಿಗೆ ಬಂತು. ಆ ಗಲಾಟೆಯಲ್ಲಿ ಬಳ್ಳಾರಿಯ ಪಿಂಜಾರ ರಂಜಾನ್ ಸಾಬ್ ಆ್ಯಸಿಡ್ ದಾಳಿಗೆ ಜೀವ ಕೊಟ್ಟರು. ಕೌತಾಳದ ದಾರಿ ಅಲ್ಲಿಗೆ ಮತ್ತೆ ಗಡಿ ದಾಟೋ ದಾರಿ ಆಯ್ತು.

133 ಟಿಎಂಸಿ ಹಿಡೀಲಿ ಅಂತ ಕಟ್ಟಿದ ಡ್ಯಾಮಿನಲ್ಲಿ ಹೂಳು ತುಂಬಿ ಈಗ 105 ಚಿಲ್ಲರೆ. ನೀರು ಹಂಚಿಕೊಳ್ಳೋ ರಾಜ್ಯಗಳು ಈಗ ಮೂರು. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟು ಕೊಚ್ಚಿಹೋದಾಗ ನಮ್ಮ ಊರ ಗ್ರೂಪಿನಲ್ಲಿ ಬೆಳಗಿನ ತನಕ ಯಾರೂ ಮಲಗಲಿಲ್ಲ. ನೀರು ಕಮ್ಮಿ ಬಂದ ವರ್ಷ ಎಲ್ಎಲ್‌ಸಿ ಕಾಲುವೆಯ ಕೊನೆ ಭಾಗದವರು ರಾತ್ರಿ ಬ್ಯಾಟರಿ ಹಿಡಿದು ದಂಡೆ ಕಾಯ್ತಾರೆ. ಮೇಲಿನವರು ತೂಬಿಗೆ ಕಲ್ಲು ಮಣ್ಣು ತುಂಬಿ ನೀರು ತಿರುಗಿಸ್ತಾರೆ ಅಂತ ಇವರು, ಕಾಲುವೆಗೆ ನೀರೇ ಬಿಟ್ಟಿಲ್ಲ ಅಂತ ಅವರು. ಮಧ್ಯದಲ್ಲಿ ಸಿಕ್ಕಿಹಾಕಿಕೊಳ್ಳೋನು ಲಸ್ಕರ್. ಒಂದು ಸಲ ನಮ್ಮಪ್ಪನೂ ಬಡಿಗೆ ಹಿಡ್ಕೊಂಡು ಹೋಗಿದ್ದ. ಅವತ್ತು ಹೊಡೆದಾಟ ಆಗಲಿಲ್ಲ, ಎದುರಿಗೆ ನಿಂತಿದ್ದವನು ಬೀಗರ ಪೈಕಿ. "ಏನ್ ಮಾಮ, ನೀವೂ ಬಂದೀರೇನು" ಅಂದನಂತೆ.

ಹಳೆ ಸಿರುಗುಪ್ಪ ಕಾಲುವೆ, ದೇಶನೂರು ಕಾಲುವೆಗಳಲ್ಲಿ ಇವತ್ತೂ ನೀರು ಹರೀತದೆ. ನೀರಿನ ಹಂಚಿಕೆ ಪಟ್ಟಿಯಲ್ಲಿ ಅವುಗಳಿಗೆ ಈಗಲೂ 'ವಿಜಯನಗರ ಕಾಲುವೆಗಳು' ಅಂತಲೇ ಹೆಸರು, ಅವುಗಳ ಪಾಲು ಬೇರೆ. ಆ ಕಾಲುವೆ ಕೆಳಗೆ ಗದ್ದೆ ಇರೋರು ಕೊನೆ ಭಾಗದವರ ಹಂಗೆ ರಾತ್ರಿ ಬ್ಯಾಟರಿ ಹಿಡಿದು ಅಲೆಯೋದು ಕಮ್ಮಿ. ನಮ್ಮ ಹೊಲ ಅದರ ಕೆಳಗಿಲ್ಲ, ಎಲ್ಎಲ್‌ಸಿ ಕೆಳಗಿದೆ.